ಓಕ್ಜುವಿನ ನಾಲಿಗೆ

ಕೊರಿಯಾದ ಗ್ವೆಸಾನ್‌ನ ಆ ಮನೆಯಲ್ಲಿ ಚಳಿಗಾಲಕ್ಕೆ ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನ ಸೊಸೆ ಓಕ್ಜುವಿನ ಮಾತಿಗೆ ಎದುರು ಮಾತಿರಲಿಲ್ಲ. ಕೆಂಪು ಟಬ್ಬಿನಲ್ಲಿ ಮೆಣಸಿನ ಪುಡಿ, ಬೆಳ್ಳುಳ್ಳಿ, ಉಪ್ಪು ಹಾಕಿಟ್ಟ ಸೀಗಡಿ ಎಲ್ಲ ಕಲೆಸಿದ ಮೇಲೆ ಅವಳು ಬೆರಳಿಗೆ ಹಚ್ಚಿ ನೆಕ್ಕಿ ‘ಸರಿಯಿದೆ’ ಅಂದರೆ ಸರಿ. ಅತ್ತೆಯೂ ನಾಲಿಗೆಗೆ ಮುಟ್ಟಿಸಿ ನೋಡುತ್ತಿರಲಿಲ್ಲ.

ರುಚಿ ನೋಡುವವಳು ಎಂಬ ಹೆಸರು ಅವಳಿಗೆ ಬಂದದ್ದು ಒಂದು ಕುಚೋದ್ಯದ ಮಾತಿನಿಂದ. ಮದುವೆಯಾದ ವರ್ಷ, ಬೇಯಿಸಿದ ಹಂದಿಮಾಂಸಕ್ಕೆ ಹಸಿ ಕಿಮ್ಚಿ ಎಲೆ ಸುತ್ತಿ ಆಸೆಯಿಂದ ತಿನ್ನುತ್ತಿದ್ದವಳನ್ನು ನೋಡಿ ಅತ್ತೆ, “ನಮ್ಮ ಸೊಸೆಗೆ ಕೈಗಿಂತ ಬಾಯಿ ಚುರುಕು. ರುಚಿ ನೋಡೋ ಕೆಲಸ ಅವಳಿಗೇ ಬಿಡ್ರಮ್ಮ” ಅಂದಿದ್ದರು. ಎಲ್ಲರೂ ನಕ್ಕರು, ಓಕ್ಜುವೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತಿಂದದ್ದನ್ನೆಲ್ಲ ಕಕ್ಕಿ ಬಂದಳು. ಪಾಪ, ಅತ್ತೆಯ ಮೇಲೇ ಎಲ್ಲವನ್ನೂ ಹಾಕುವುದು ಬೇಡ. ಶಾಲೆಗೆ ಹೋಗುವಾಗಿನಿಂದಲೂ ಓಕ್ಜು ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಬೈದುಕೊಂಡಷ್ಟು ಯಾರೂ ಅವಳನ್ನು ಬೈದಿರಲಿಲ್ಲ.

ಕಕ್ಕಿದ ಮೇಲೆ ಒಳಗೆ ಏನೂ ಉಳಿಯುತ್ತಿರಲಿಲ್ಲ. ಅವಮಾನವಿಲ್ಲ, ಸಿಟ್ಟಿಲ್ಲ. ಅದು ಅವಳಿಗೆ ಹಿತವಾಯಿತು. ಗಂಡ ಕೂಗಾಡಿದರೆ ಅದೇ ಮದ್ದು, ಮಗಳು ಪರೀಕ್ಷೆಯಲ್ಲಿ ಫೇಲಾದರೂ ಅದೇ ಮದ್ದು. ಅಪ್ಪ ಸತ್ತಾಗ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ‘ಎಂಥ ಗಟ್ಟಿ ಹೆಂಗಸು’ ಎಂದು ನೆಂಟರು ಹೊಗಳಿದರು. ಜನಕ್ಕೇನು, ಕೊರಡಾದವಳನ್ನೂ ಧೈರ್ಯವಂತೆ ಅನ್ನುತ್ತಾರೆ.

ಉಪ್ಪಿಗಿಂತ ರುಚಿಯಿಲ್ಲ ಎಂಬ ಮಾತಿದೆ. ಈ ವರ್ಷ ಓಕ್ಜುವಿಗೆ ಉಪ್ಪೂ ರುಚಿಸುತ್ತಿರಲಿಲ್ಲ. ನಾಲಿಗೆಯ ಮೇಲೆ ಏನಿಟ್ಟರೂ ಒದ್ದೆ ಬಟ್ಟೆ ಇಟ್ಟ ಹಾಗೆ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಅವಳಿಗೆ ಅಂತ ಇದ್ದದ್ದು ರುಚಿ ನೋಡುವ ಅದೊಂದೇ ಜಾಗ. ಅದೂ ಹೋದರೆ ತಾನು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಹಾಗಾಗಿ ಬೆರಳು ನೆಕ್ಕಿ, “ಉಪ್ಪು ಸಾಲದು” ಅಂದಳು. ನಾದಿನಿ ಮಿರಾನ್ ಇನ್ನಷ್ಟು ಉಪ್ಪು ಸೀಗಡಿ ಸುರಿದಳು. ಮತ್ತೆ ನೆಕ್ಕಿ, “ಇನ್ನೂ ಸ್ವಲ್ಪ” ಅಂದಳು. ಅತ್ತೆ, ಸೊಸೆ, ನಾದಿನಿ ಮೂವರೂ ಕೂತು ಕೋಸಿನ ಪದರ ಪದರಕ್ಕೂ ಮಸಾಲೆ ಸವರಿ ಡಬ್ಬಿ ತುಂಬಿಸಿದರು.

ಮಧ್ಯಾಹ್ನ ಮಾಂಸ ಬೆಂದಿತು. ಮಿರಾನ್ ಒಂದು ಎಲೆ ಸುತ್ತಿ ಬಾಯಿಗೆ ಹಾಕಿಕೊಂಡವಳು ಅಗಿಯುವುದನ್ನೇ ನಿಲ್ಲಿಸಿದಳು.

“ಅತ್ತಿಗೆ, ಇದೇನು, ಸಮುದ್ರಾನೇ ಕಲಸಿಬಿಟ್ರಾ?”

ಅತ್ತೆಯೂ ತಿಂದು ನೋಡಿದರು. ಒಂದು ಚಳಿಗಾಲದ ಕಿಮ್ಚಿ ಪೂರ್ತಿ ಕೈಬಿಟ್ಟು ಹೋದ ಹಾಗೆ. ಓಕ್ಜು ಕಾದಳು, ನಾಚಿಕೆಯಾದರೂ ಆಗಬಹುದು ಎಂದು. ಏನೂ ಆಗಲಿಲ್ಲ. ಕಾಲು ಮಾತ್ರ ತಾನಾಗಿ ಬಚ್ಚಲಿನ ಕಡೆ ತಿರುಗಿತು.

“ಕೂತ್ಕೋ” ಅಂದರು ಅತ್ತೆ. “ಎಷ್ಟು ದಿನದಿಂದ ರುಚಿ ಗೊತ್ತಾಗ್ತಿಲ್ಲ?”

“ಬೇಸಿಗೆಯಿಂದ.”

“ನಲ್ಲಿ ಬಿಟ್ಕೊಂಡ್ರೆ ಈ ಮುದುಕಿಗೆ ಕೇಳಿಸಲ್ಲ ಅನ್ಕೊಂಡಿದ್ಯಾ? ಕೇಳಿಸ್ತಿತ್ತು. ಕೇಳೋಕೆ ನಂಗೇ ಧೈರ್ಯ ಇರ್ಲಿಲ್ಲ.” ಅತ್ತೆ ಕೈಗವಸು ಕಳಚಿದರು. “ಮಿರಾನ್, ಹಿತ್ತಲಿಂದ ಮೂಲಂಗಿ ತಗೊಂಬಾ. ದಪ್ಪದಪ್ಪ ಹೋಳು ಮಾಡಿ ಕೋಸಿನ ನಡುವೆ ಇಡೋಣ. ಉಪ್ಪು ಎಳ್ಕೊಳ್ಳತ್ತೆ.”

“ಬೈರಿ ಅತ್ತೆ” ಅಂದಳು ಓಕ್ಜು. ಬೈಗುಳವಾದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು.

“ಯಾಕೆ? ಉಪ್ಪಾಯ್ತು ಅಂತ ಯಾರಾದ್ರೂ ಕೋಸಿಗೆ ಹೊಡೀತಾರಾ? ಹೆಚ್ಚು ಬಾ.”

ಮೂವರೂ ಮೂಲಂಗಿ ಹೆಚ್ಚಿದರು. ಅತ್ತೆ ಒಂದು ಬಟ್ಟಲು ಬಿಳಿ ಅನ್ನ ತಂದು ಓಕ್ಜುವಿನ ಮುಂದಿಟ್ಟರು.

“ನಾಳೆ ಡಾಕ್ಟ್ರ ಹತ್ರ ಹೋಗೋಣ, ನಾನೂ ಬರ್ತೀನಿ. ಇವತ್ತು ಇಷ್ಟು ತಿನ್ನು. ನಾನು ಬಲವಂತವಾಗಿ ತಿನ್ನಿಸಲ್ಲ. ನನ್ನ ಈ ಬಾಯಿಂದ ಅವತ್ತು ಬಂದ ಮಾತು ನಿನ್ನ ತಟ್ಟೇಲಿ ಕೂತು ಕೂತು ಸಾಕಾಗಿದೆ.”

ಓಕ್ಜು ಒಂದು ತುತ್ತು ತೆಗೆದುಕೊಂಡಳು. ತಿನ್ನುವಾಗಲೆಲ್ಲ ಒಳಗೆ ಬೈಯುವ ದನಿ ಈಗಲೂ ಶುರುವಾಯಿತು, ಹಂದಿ, ನಾಚಿಕೆಗೆಟ್ಟವಳೇ ಎಂದು. ಮಗಳು ಜ್ವರ ಬಂದು ಮಲಗಿದ್ದರೆ ತಾನು ಹೀಗೆ ಹೇಳುತ್ತಿದ್ದೆನೇ ಎಂದುಕೊಂಡಳು. ಇಲ್ಲ. ‘ಇಷ್ಟೇ ಇಷ್ಟು, ನಿಧಾನವಾಗಿ’ ಅನ್ನುತ್ತಿದ್ದಳು. ಅದನ್ನೇ ತನಗೆ ಹೇಳಿಕೊಂಡಳು. ಸುಳ್ಳು ಹೇಳಿದ ಹಾಗಿತ್ತು. ಆದರೂ ಹೇಳಿಕೊಂಡು ನುಂಗಿದಳು.

ಅನ್ನ ಮುಗಿಯಿತು. ಕಾಲು ಮತ್ತೆ ಬಚ್ಚಲಿನ ಕಡೆ ಎಳೆಯತೊಡಗಿತು.

“ಅತ್ತೆ, ನಾನು ಎದ್ದು ಹೋಗದ ಹಾಗೆ ಏನಾದ್ರೂ ಮಾತಾಡ್ತಾ ಇರಿ.”

ಇಷ್ಟು ವರ್ಷದಲ್ಲಿ ಅವಳು ಆ ಮನೆಯಲ್ಲಿ ಯಾರಿಂದಲೂ ಏನನ್ನೂ ಕೇಳಿದವಳಲ್ಲ. ಅತ್ತೆ ಪಕ್ಕದ ಮನೆಯವಳ ಕೋಸಿಗೆ ಈ ಸಲ ಹುಳು ಬಿದ್ದದ್ದನ್ನು ಶುರುಮಾಡಿದರು. ಕತೆ ಮುಗಿಯಿತು. ಇನ್ನೇನೂ ತೋಚದೆ ಅದನ್ನೇ ಮೊದಲಿನಿಂದ ಹೇಳಿದರು. ಓಕ್ಜು ನೆಲಕ್ಕೆ ಅಂಗೈ ಒತ್ತಿ ಕೂತಿದ್ದಳು. ಅವಳಿಗೆ ಭಯವಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಅವಳ ಮನಸ್ಸಿಗೆ ಏನೋ ಒಂದು ಆಗುತ್ತಿತ್ತು.