ಗದ್ಯದಲ್ಲಿ ಅಪ್ಪ ಇಲ್ಲ

ಸರ್ ಅವರ ಎಡ ಅಂಗೈ ಯಾವಾಗಲೂ ಬೆಳ್ಳಗಿರುತ್ತಿತ್ತು. ಬೋರ್ಡಿನ ಮೇಲೆ ಒಂದು ಗದ್ಯ, ಕೆಳಗೆ ತೀರ್ಮಾನಗಳನ್ನು ಬರೆದು, ತೀರ್ಮಾನಗಳ ಮೇಲೆ ಅಂಗೈ ಊರಿ ಮುಚ್ಚಿಬಿಡುತ್ತಿದ್ದರು. ಗದ್ಯ ಪೂರ್ತಿ ಓದುವ ಮೊದಲು ನಮ್ಮ ಕಣ್ಣು ಉತ್ತರದ ಕಡೆ ಹೋಗಬಾರದು. ಅದೇ ಕೈಯಿಂದ ಬೆವರು ಒರೆಸಿಕೊಂಡಾಗ ಹಣೆಗೂ ಸೀಮೆಸುಣ್ಣ. ಸರ್ ವಿಭೂತಿ ಹಚ್ಚಿಕೊಂಡರು ಎಂದು ಹಿಂದಿನ ಬೆಂಚಿನವರು ನಗುತ್ತಿದ್ದರು. ಸರ್ ಕೂಡ ನಗುತ್ತಿದ್ದರು, ಆಗ.

ಶಹಾಬಾದಿನಲ್ಲಿ ಪರ್ಸಿ ಎಂಬ ಚಪ್ಪಡಿ ಕಲ್ಲು ಹೊದಿಸಿದ ಒಂದು ಕೋಣೆ. ಅಲ್ಲಿ ಅವರು ನಮ್ಮನ್ನು ನೌಕರಿ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಗದ್ಯದಲ್ಲಿ ಬರೆದಷ್ಟರಿಂದಲೇ ಯಾವ ತೀರ್ಮಾನ ಹೊರಡುತ್ತದೆ, ಯಾವುದು ಇಲ್ಲ ಎಂದು ಹೇಳುವುದು ಅದರ ಒಂದು ಪ್ರಶ್ನೆ. ನಮ್ಮಪ್ಪ ಪರ್ಸಿ ಖಣಿಯಲ್ಲಿ ಕಲ್ಲು ಒಡೆಯುವವನು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸರ್ ಕೂಡ ಅವರ ಮನೆಯ ಮೊದಲ ಪದವೀಧರರು. ಅವರು ಓದಲಿ ಎಂದು ಅವರ ತಮ್ಮ ಶಾಲೆ ಬಿಟ್ಟು ಖಣಿಗೆ ಇಳಿದಿದ್ದ. ಸರ್ ಅದನ್ನು ಮರೆತವರಲ್ಲ. ಬೇಸಿಗೆ ಬಂತೆಂದರೆ ಮಧ್ಯಾಹ್ನ ಪಾಠ ನಿಲ್ಲಿಸಿ, ಮಜ್ಜಿಗೆ ಬಾಟಲಿ ಸೈಕಲ್ಲಿಗೆ ತೂಗುಹಾಕಿ, ಖಣಿಗೆ ಹೋಗಿ ತಮ್ಮನನ್ನು ಬೈದು ಮನೆಗೆ ಕರೆತರುತ್ತಿದ್ದರು. “ಕೋಣ್ಯಾಗ ಯಾರೂ ಕೇಳಂಗಿಲ್ಲಂತ ನನಗ ಪಾಠ ಹೇಳಾಕ ಬರ್ತಾನ” ಎಂದು ಆ ತಮ್ಮ ಖಣಿಯ ಜೊತೆಗಾರರ ಮುಂದೆ ಚೇಷ್ಟೆ ಮಾಡುತ್ತಿದ್ದನಂತೆ. ಬೈಸಿಕೊಂಡೇ ಆದರೂ ಅಣ್ಣನ ಹಿಂದೆ ಬರುತ್ತಿದ್ದ.

ಒಂದು ದಿನ ಸರ್ ಹವಾಮಾನ ನೀತಿಯ ಬಗ್ಗೆ ತಾವೇ ಕಟ್ಟಿದ ಗದ್ಯ ಬರೆದರು. ಭೂಮಿ ಬಿಸಿಯಾಗುತ್ತಿದೆ, ಆದ್ದರಿಂದ ಉರಿಬಿಸಿಲಿನ ದಿನ ಮಧ್ಯಾಹ್ನ ಯಾವ ಮಾಲೀಕನೂ ಕೂಲಿಯವರಿಂದ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರ ಹೇಳಿದೆ. ತೀರ್ಮಾನ: ಅಂಥ ದಿನ ಮಧ್ಯಾಹ್ನ ಬಯಲಲ್ಲಿ ಯಾವ ಕೂಲಿಯವನೂ ಕೆಲಸದಲ್ಲಿ ಇರುವುದಿಲ್ಲ.

ಎಲ್ಲರೂ ಸರಿ ಎಂದರು. ನಾನೊಬ್ಬಳೇ ಎದ್ದು, ಗದ್ಯದಿಂದ ಆ ತೀರ್ಮಾನ ಹೊರಡುವುದಿಲ್ಲ ಎಂದೆ. ಯಾಕೆಂದು ಕೇಳಿದರು. ನಮ್ಮಪ್ಪನಿಗೆ ಒಡೆದ ಕಲ್ಲಿನ ಲೆಕ್ಕಕ್ಕೆ ಕೂಲಿ, ಯಾರೂ ಮಾಡಿಸದಿದ್ದರೂ ಅವನೇ ಹೋಗಿ ಕಲ್ಲು ಒಡೆಯಲು ಕೂಡುತ್ತಾನೆ ಎಂದೆ.

“ಉತ್ತರ ಖರೇ ಅದ ತಂಗಿ, ಕಾರಣ ತಪ್ಪದ. ಈ ಗದ್ಯದಾಗ ನಿಮ್ಮಪ್ಪ ಎಲ್ಲಿದ್ದಾನ? ಮಾಡಿಸಬಾರದು ಅಂತದ, ಮಾಡಬಾರದು ಅಂತಿಲ್ಲ. ಅಷ್ಟೇ ಕಾರಣ. ಮನಿ ಮಂದೀನ ಪರೀಕ್ಷಾಕ್ಕ ಕರಕೊಂಡು ಬರಬ್ಯಾಡ.”

ನನಗೆ ಅರ್ಧ ಅಂಕ ಕೊಟ್ಟರು.

ಮುಂದಿನ ಬೇಸಿಗೆಗೆ ಅಂಥದೇ ನಿಯಮ ನಮ್ಮ ಕಡೆಗೂ ಬಂತು. ಖಣಿಯ ಮಾಲೀಕ ಕೂಲಿಯವರನ್ನೆಲ್ಲ ಕೂಡಿಸಿ, ಮಧ್ಯಾಹ್ನ ಯಾರನ್ನೂ ದುಡಿಸುವುದಿಲ್ಲ ಎಂದು ಮಾತು ಕೊಟ್ಟ. ನಮ್ಮ ಪರೀಕ್ಷೆ ಹತ್ತಿರ ಬಂದಿತ್ತು. ಇನ್ನು ತಮ್ಮನ ಚಿಂತೆ ಇಲ್ಲ ಎಂದು ಸರ್ ಮಧ್ಯಾಹ್ನಕ್ಕೂ ಒಂದು ಪಾಠ ಇಟ್ಟರು. ಸೈಕಲ್ಲು ಗೋಡೆಗೆ ಒರಗಿಯೇ ಇರುತ್ತಿತ್ತು.

ತಮ್ಮ ಸತ್ತದ್ದು ಅಂಥ ಒಂದು ಮಧ್ಯಾಹ್ನ. ಸರ್ ನಮಗೆ ಪಾಠ ಹೇಳುತ್ತಿದ್ದಾಗಲೇ ಖಣಿಯಿಂದ ಮಂದಿ ಬಂದರು. ಕಲ್ಲಿನ ಮೇಲೆ ಕೂತವನು ಬಿಸಿಲಿಗೆ ಕೂತಲ್ಲೇ ವಾಲಿದ್ದನಂತೆ. ಅವನನ್ನು ಯಾರೂ ದುಡಿಸಿರಲಿಲ್ಲ, ಕಲ್ಲಿನ ಲೆಕ್ಕದ ಕೂಲಿಗೆ ತಾನೇ ಹೋಗಿ ಕೂತಿದ್ದ. ಮಾಲೀಕ ಅಂದದ್ದೂ ಅದೇ, ಸುಳ್ಳೂ ಅಲ್ಲ.

ತಮ್ಮನನ್ನು ಮಣ್ಣು ಮಾಡಿ ಕೆಲವು ದಿನವಾದ ಮೇಲೆ ಸರ್ ಒಮ್ಮೆ ಕೋಣೆಗೆ ಬಂದರು. ಅದೇ ಗದ್ಯ ಬರೆದರು. ತೀರ್ಮಾನದ ಮೇಲೆ ಕೈ ಊರಿದರು.

“ನಿಮಗೆಲ್ಲ ತಪ್ಪು ಅಂತ ಕಲಿಸಿದ್ದು ಇದೇ. ಮನ್ಯಾಗ ನಾನೇ ಇದನ್ನ ಸರಿ ಅಂತ ತಿಳಕೊಂಡು ಕುಂತೆ. ತಂಗಿ, ಅವತ್ತು ನಿನ್ನ ಕಾರಣಾನೂ ಖರೇ ಇತ್ತು.”

ಮತ್ತೆ ಪಾಠ ನಡೆಯಲಿಲ್ಲ. ಕೋಣೆ ಬಿಟ್ಟುಕೊಟ್ಟರು. ಮನೆಯ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗುವುದಷ್ಟೇ ಅವರಿಗೆ ಉಳಿದದ್ದು. ಊಟ ಬೇಡ, ಮಾತು ಬೇಡ. ಅವರನ್ನು ನೋಡಲು ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಹೋಗುವುದನ್ನೇ ಬಿಟ್ಟರು.

ಅವರು ಕಲಿಸಿದ್ದರಿಂದಲೇ ಮರುವರ್ಷದ ಬೇಸಿಗೆಯಲ್ಲಿ ನನಗೆ ಸೇಡಂನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ನೇಮಕದ ಆದೇಶ ಹಿಡಿದು ಮೊದಲು ಅವರ ಮನೆಗೆ ಹೋದೆ. ಓದಿದರು. ಆಮೇಲೆ ಕಾಗದದ ಮೇಲೆ ಎಡ ಅಂಗೈ ಇಟ್ಟು ಮುಚ್ಚಿದರು. ಆ ಕೈಯಲ್ಲಿ ಸುಣ್ಣ ಇರಲಿಲ್ಲ, ಒಣಗಿತ್ತು, ಕಪ್ಪಾಗಿತ್ತು.

“ಇದರಿಂದ ಏನ್ ತಿಳೀತದ?”

“ನಮ್ಮಪ್ಪ ಇನ್ನ ಖಣಿಗಿ ಹೋಗೂದಿಲ್ರಿ, ಸರ್” ಎಂದೆ. ಅವರು ಖುಷಿ ಪಡಲಿ ಎಂದೇ ಅಂದೆ.

“ಹಂಗಂತ ಇದರಾಗ ಬರದಿಲ್ಲ” ಎಂದು ಬಾಗಿಲ ಕಡೆ ನೋಡಿದರು. “ಮಧ್ಯಾಹ್ನ ಆಗ್ಯದ. ಹೋಗು, ಕರಕೊಂಡು ಬಾ.”

ಹೋದೆ. ಅಪ್ಪ ಖಣಿಯಲ್ಲೇ ಇದ್ದ.

ಆ ಬೇಸಿಗೆ ಮುಗಿಯುವ ಮೊದಲೇ ಸರ್ ತೀರಿಹೋದರು. ಈಗ ಬಿಸಿಲಿನ ನಿಯಮ ವರ್ಷವರ್ಷ ನನ್ನ ಟೇಬಲ್ಲಿಗೇ ಬರುತ್ತದೆ. ‘ಮಾಡಿಸಬಾರದು’ ಎಂದೇ ಇರುತ್ತದೆ, ನಾನೇ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಸಂಬಳ ತಂದುಕೊಟ್ಟರೂ ಅಪ್ಪ ಖಣಿ ಬಿಟ್ಟಿಲ್ಲ. ಮಗಳ ರೊಟ್ಟಿ ಕೂತು ತಿನ್ನುವವನು ತಾನಲ್ಲ ಎನ್ನುತ್ತಾನೆ. ರಜೆಯ ದಿನ ಮಧ್ಯಾಹ್ನ ಸ್ಕೂಟಿಗೆ ಮಜ್ಜಿಗೆ ಬಾಟಲಿ ತೂಗುಹಾಕಿ ಹೋಗುತ್ತೇನೆ. ಅಪ್ಪ ಮಜ್ಜಿಗೆ ಕುಡಿಯುತ್ತಾನೆ. ಎದ್ದು ಬರುವುದಿಲ್ಲ.

ಉಳಿದ ದಿನ ನಾನು ಸೇಡಂನಲ್ಲಿ ಇರುತ್ತೇನೆ.