ನೀರು ಯಾರ ಕೈಗೆ ಉಗುರುಬೆಚ್ಚಗಿತ್ತು?

ನಾಲ್ಕು ವರ್ಷದ ಹಿಂದಿನ ಜನವರಿಯಲ್ಲಿ ನಾನು ಲಾಂಗ್ ಐಲೆಂಡ್‌ನ ಒಂದು ಕ್ಲಿನಿಕ್‌ನಲ್ಲಿ ಟ್ರಯಾಜ್ ನರ್ಸ್ ಆಗಿದ್ದೆ. ಯಾರು ಈಗಲೇ ಆಸ್ಪತ್ರೆಗೆ ಓಡಬೇಕು, ಯಾರು ನಾಳೆ ಬಂದರೆ ಸಾಕು ಎಂದು ವಿಂಗಡಿಸುವುದಕ್ಕೆ ಟ್ರಯಾಜ್ ಎನ್ನುತ್ತಾರೆ. ನಾನು ಅದನ್ನು ಫೋನಿನಲ್ಲಿ ಮಾಡುತ್ತಿದ್ದೆ. ಗಾಯ ಕಣ್ಣಿಗೆ ಕಾಣುವುದಿಲ್ಲ, ಅವರು ಹೇಳಿದ್ದನ್ನು ಕೇಳಿಯೇ ಅಳೆಯಬೇಕು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಹನ್ನೊಂದು ವರ್ಷ ಫೋನಿನ ಮುಂದೆಯೇ ಕಳೆದವಳಿಗೆ, ನನಗೆ ತಿಳಿಯದ್ದು ಏನಿದೆ ಎಂಬ ಜಂಬ ಸ್ವಲ್ಪ ಇತ್ತು. ಸುಳ್ಳೇಕೆ, ಚೆನ್ನಾಗಿಯೇ ಇತ್ತು.

ಆ ದಿನ ಬೆಳಗಿನಿಂದ ಹಿಮಗಾಳಿ. ಕ್ಲಿನಿಕ್ ಮುಚ್ಚಿತ್ತು. ನಾನು ಬೆಲ್‌ರೋಸ್‌ನ ಮನೆಯಲ್ಲೇ ಕೂತು ಕರೆಗಳನ್ನು ತೆಗೆದುಕೊಳ್ಳುತ್ತಿದ್ದೆ. ಹೊರಗೆ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಮಧ್ಯಾಹ್ನ ಒಂದೂ ನಲವತ್ತಕ್ಕೆ ಹಿಕ್ಸ್‌ವಿಲ್‌ನಿಂದ ಸವಿತಾ ಫೋನ್ ಮಾಡಿದಳು. ಧಾರವಾಡದ ಕಡೆಯ ಹುಡುಗಿ, ಮೂವತ್ತೆರಡು ವರ್ಷ, ನಮ್ಮ ಕ್ಲಿನಿಕ್‌ನ ಹಳೆಯ ಪೇಶೆಂಟ್. ಒಂದು ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮಾಡುವ ಕೆಲಸ ಅವಳದು. ಆ ಯಂತ್ರದ ಪ್ರೋಬನ್ನು ರೋಗಿಯ ಹೊಟ್ಟೆಯ ಮೇಲೆ ಎಷ್ಟು ಒತ್ತಬೇಕು, ಎಷ್ಟು ಓರೆ ಮಾಡಬೇಕು ಎಂಬುದೆಲ್ಲ ಬಲಗೈ ಬೆರಳ ತುದಿಗೆ ತಿಳಿಯಬೇಕು.

"ಆಂಟಿ, ನನ್ನ ಎರಡೂ ಕೈ ಬೆರಳು ಬೆಳ್ಳಗ ಮೇಣದಂಗ ಆಗ್ಯಾವ. ಟೇಬಲ್‌ಗೆ ಬಡಿದ್ರ ಟಕ್ ಟಕ್ ಅಂತಾವ," ಅಂದಳು. ಅಳುತ್ತಿರಲಿಲ್ಲ. ಅಳದಿರುವುದೇ ನನ್ನನ್ನು ಹೆದರಿಸಿತು.

ಡ್ಯೂಟಿಗೆ ಹೋಗಲೇಬೇಕೆಂದು ಅವಳು ಮುಕ್ಕಾಲು ಗಂಟೆ ಕಾರಿನ ಮೇಲಿನ ಹಿಮ ಕೆರೆದಿದ್ದಳು. ಕೈಗೆ ಹಾಕಿದ್ದು ಉಲ್ಲನ್ನಿನ ತೆಳು ಗ್ಲೌಸ್. ಅದು ನೆನೆದರೂ ತೆಗೆದಿರಲಿಲ್ಲ. ಮೊದಲು ಚುಚ್ಚಿತು, ಆಮೇಲೆ ಉರಿಯಿತು, ಆಮೇಲೆ ಏನೂ ಗೊತ್ತಾಗಲಿಲ್ಲ. ಏನೂ ಗೊತ್ತಾಗದಿದ್ದಾಗ ವಾಸಿಯಾಯಿತು ಎಂದುಕೊಂಡು ಇನ್ನಷ್ಟು ಕೆರೆದಳು. ಫ್ರಾಸ್ಟ್‌ಬೈಟ್ ಎಂದರೆ ಚರ್ಮ, ಅದರಡಿಯ ಮಾಂಸ ಹೆಪ್ಪುಗಟ್ಟುವುದು. ಅದು ನೋವಿನಿಂದ ಬಂದು, ನೋವು ನಿಲ್ಲಿಸಿ ಮೋಸ ಮಾಡುತ್ತದೆ. ಒಳಗೆ ರಕ್ತ ಓಡದೆ ಸತ್ತ ಭಾಗವನ್ನು ಕೊನೆಗೆ ಕತ್ತರಿಸಬೇಕಾಗುತ್ತದೆ.

ತುರ್ತು ಸಹಾಯದ 911ಕ್ಕೆ ಆಗಲೇ ಕರೆ ಮಾಡಿದ್ದಳು. ರಸ್ತೆಯೆಲ್ಲ ಮುಚ್ಚಿದೆ, ಆಂಬ್ಯುಲೆನ್ಸ್ ಬರಲು ಒಂದು ಗಂಟೆ ಮೀರಬಹುದು ಅಂದಿದ್ದರಂತೆ. ಗಂಡ ಮ್ಯಾನ್‌ಹ್ಯಾಟನ್‌ನಲ್ಲಿ ಸಿಕ್ಕಿಕೊಂಡಿದ್ದ. ಮನೆಯಲ್ಲಿದ್ದವರು ಅತ್ತೆ ಗಂಗಮ್ಮ ಒಬ್ಬರೇ. ಫೋನಿನ ಸ್ಪೀಕರ್ ಹಾಕಿ ಹಿಡಿದಿದ್ದವರೂ ಅವರೇ.

"ಅಕ್ಕಾರ, ಕೊಬ್ರಿ ಎಣ್ಣಿಗೆ ಕರ್ಪೂರ ಹಾಕಿ ಕಾಸೀನ್ರಿ. ಗಸಗಸ ತಿಕ್ಕಿದ್ರ ಬಿಸಿ ಏರತದ. ಇಲ್ಲಾಂದ್ರ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡ್ಲೇನ್ರಿ?"

"ಅಯ್ಯೋ ಬೇಡಿ ಅಮ್ಮ! ಎಣ್ಣೆ ಕೆಳಗಿಡಿ. ತಿಕ್ಕಲೇಬೇಡಿ."

ನಮ್ಮ ಕಡೆ ಶೀತಕ್ಕೆ, ಊತಕ್ಕೆ, ಉಳುಕಿಗೆ ಎಲ್ಲದಕ್ಕೂ ತಿಕ್ಕುವುದು, ಶಾಖ ಕೊಡುವುದೇ ಮದ್ದು. ಹೆಪ್ಪುಗಟ್ಟಿದ ಬೆರಳಿಗೆ ಅದೇ ವಿಷ. ತಿಕ್ಕಿದರೆ ಒಳಗಿರುವ ಮಂಜಿನ ಹರಳುಗಳು ಗಾಜಿನ ಚೂರಿನಂತೆ ಮಾಂಸ ಕೊಯ್ಯುತ್ತವೆ. ಸ್ಟವ್, ಹೀಟರ್, ಹಾಟ್ ವಾಟರ್ ಬ್ಯಾಗ್ ಯಾವುದೂ ಕೂಡದು. ಮನೆಯಲ್ಲಿ ಮಾಡಬಹುದಾದ ಒಂದೇ ಚಿಕಿತ್ಸೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದುವುದು. ಅದೂ ಮತ್ತೆ ಹೆಪ್ಪುಗಟ್ಟುವ ಅಪಾಯ ಇಲ್ಲದಿದ್ದರೆ ಮಾತ್ರ, ಏಕೆಂದರೆ ಒಮ್ಮೆ ಕರಗಿದ ಬೆರಳು ಮತ್ತೆ ಹೆಪ್ಪುಗಟ್ಟಿದರೆ ಕಥೆ ಮುಗಿಯಿತು. ಮನೆ ಬೆಚ್ಚಗಿತ್ತು, ಅವರು ಹೊರಗೆ ಹೋಗುವಂತಿರಲಿಲ್ಲ. ನಮ್ಮ ಕ್ಲಿನಿಕ್‌ನ ಡಾಕ್ಟರಿಗೆ ಇನ್ನೊಂದು ಲೈನಿನಲ್ಲಿ ತಿಳಿಸಿ, ಅವರು ಹೂಂ ಅಂದ ಮೇಲೆ, ಉಗುರುಬೆಚ್ಚಗಿನ ನೀರು ತನ್ನಿ ಅಂದೆ.

ಪಾತ್ರೆಯ ಸದ್ದು, ನೀರು ಸುರಿಯುವ ಸದ್ದು ಕೇಳಿಸಿತು. "ಉಗುರುಬೆಚ್ಚಗಿದೆಯಾ ಅಮ್ಮ?" ಅಂತ ಕೇಳಿದೆ.

"ಹೌದ್ರಿ, ನಾನ ಕೈ ಇಟ್ಟು ನೋಡೀನಿ."

ಪಾತ್ರೆ ಚಿಕ್ಕದು, ಎರಡು ಕೈ ಹಿಡಿಸುತ್ತಿರಲಿಲ್ಲ. ಕೆಲಸದ ಕೈ ಮೊದಲು ಎಂದು ಸವಿತಾ ಬಲಗೈ ಅದ್ದಿದಳು. ಹೇಗನ್ನಿಸುತ್ತೆ ಅಂದೆ. "ನೋ ಫೀಲಿಂಗ್ ಅಟ್ ಆಲ್, ಆಂಟಿ." ಮೊದಮೊದಲು ಹಾಗೇ ಇರುತ್ತದೆ ಎಂದು ಧೈರ್ಯ ಹೇಳಿದೆ. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಕಳೆದಿತ್ತು. ಆಗ ಗಂಗಮ್ಮ ನನಗೆ ಸಮಾಧಾನ ಹೇಳಲೆಂದೇ ಅಂದರು: "ಹೆಂಚಿನ ಮ್ಯಾಗಿನ ರೊಟ್ಟಿ ಬರಿಗೈಲೆ ತಿರುವಿ ಹಾಕಾಕಿ ನಾ. ಬಿಸಿ ಎಷ್ಟದ ಅಂತ ನನಗ ತಿಳಿಯೂದಿಲ್ಲೇನ್ರಿ?"

ಐವತ್ತು ವರ್ಷ ರೊಟ್ಟಿ ಬಡಿದು ಜಡ್ಡುಗಟ್ಟಿದ ಕೈಗೆ ಯಾವ ನೀರು ಬಿಸಿ? ಆ ನೀರಿನೊಳಗಿರುವುದು ಸುಟ್ಟರೂ ಸುಟ್ಟಿತು ಎನ್ನಲಾರದ ಕೈ!

"ಸವಿತಾ, ಕೈ ತೆಗಿ! ತೆಗಿ ಹೊರಗೆ!" ಎಂದು ಕಿರುಚಿದೆ. ನರ್ಸ್ ಕಿರುಚಬಾರದು. ನಾನು ಕಿರುಚಿದೆ.

ಮನೆಯಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಇತ್ತು. ಅದನ್ನು ನೀರಿಗೆ ಹಿಡಿಯಲು ಹೇಳಿದೆ. "ನಂಬರ್ ಬರ್ತಾ ಇಲ್ಲ ಆಂಟಿ, ಬರೇ ಎಚ್ ಅಂತ ತೋರಸ್ತದ," ಅಂದಳು ಸವಿತಾ. ಎಚ್ ಅಂದರೆ ಹೈ, ಥರ್ಮಾಮೀಟರಿನ ಅಳತೆ ಮೀರಿದ ಬಿಸಿ. ನಮಗೆ ಬೇಕಾದ್ದು ತೊಂಬತ್ತೊಂಬತ್ತರಿಂದ ನೂರಾ ಎರಡು ಡಿಗ್ರಿ ಫ್ಯಾರನ್‌ಹೀಟ್. ದೇವರೇ, ಈ ಹುಡುಗಿಯ ಬೆರಳನ್ನು ನಾನೇ ಬೇಯಿಸಿದೆನೇ ಅನ್ನಿಸಿತು.

ಗಂಗಮ್ಮ ಲೋಟ ಲೋಟ ತಣ್ಣೀರು ಸುರಿದರು. ಎಚ್ ಹೋಗಿ ನೂರಾ ಏಳು ಬಂತು, ನೂರಾ ನಾಲ್ಕು, ನೂರಾ ಒಂದು. ದೊಡ್ಡ ಪಾತ್ರೆಗೆ ಬದಲಾಯಿಸಿ ಎರಡೂ ಕೈ ಅದ್ದಿಸಿದೆವು. ನೀರು ತಣ್ಣಗಾಗುತ್ತಾ ಬಂದಾಗ ಕೈ ಹೊರಗೆ ತೆಗೆಸಿ, ಬಿಸಿ ಸೇರಿಸಿ, ಅಳೆದು, ಮತ್ತೆ ಅದ್ದುವುದು. ನೋವಿಗೆ ಅವಳಿಗೆ ಆಗಿಬರುವ ಮಾತ್ರೆ ಕೇಳಿ ಕೊಡಿಸಿದೆ. ಇಪ್ಪತ್ತು ನಿಮಿಷದ ಮೇಲೆ ಸವಿತಾ ಚೀರತೊಡಗಿದಳು. ರಕ್ತ ಮರಳಿ ಓಡಿದಾಗ ಆಗುವ ನೋವು ಅದು. ನನಗೆ ಬೇಕಾಗಿದ್ದೂ ಆ ಚೀರಾಟವೇ. ಆದರೆ ಅವಳು "ಎಡಗೈ, ಎಡಗೈ" ಎಂದು ಮಾತ್ರ ಚೀರುತ್ತಿದ್ದಳು. ಬಲಗೈ ಸುಮ್ಮನಿತ್ತು. ಅದಕ್ಕೆ ಇನ್ನೂ ಹನ್ನೆರಡು ನಿಮಿಷ ಬೇಕಾಯಿತು. ಆ ಹನ್ನೆರಡು ನಿಮಿಷ ನನ್ನ ಶತ್ರುವಿಗೂ ಬೇಡ.

ಆಂಬ್ಯುಲೆನ್ಸ್ ಎಪ್ಪತ್ತು ನಿಮಿಷಕ್ಕೆ ಬಂತು. ಬೆರಳುಗಳ ನಡುವೆ ಒಣ ಬಟ್ಟೆ ಇಟ್ಟು, ಕಂಬಳಿ ಸುತ್ತಿ ಕರೆದೊಯ್ದರು. ನಾನು ಆಸ್ಪತ್ರೆಗೆ ಕಳಿಸಬೇಕಾದ ವರದಿ ಬರೆದೆ: 'ಮೊದಲ ಒಂದು ನಿಮಿಷ ನೀರು ಅತಿ ಬಿಸಿ. ಮನೆಯವರು ಕೈಯಿಂದ ಪರೀಕ್ಷಿಸಿದ್ದರು.' ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಥರ್ಮಾಮೀಟರ್ ಇದೆಯೇ ಎಂದು ನರ್ಸ್ ಮೊದಲೇ ಕೇಳಲಿಲ್ಲ ಎಂಬುದನ್ನು ಮಾತ್ರ ಬರೆಯಲಿಲ್ಲ. ಬರೆಯಲು ಹೆದರಿದೆ.

ಆರು ವಾರದ ಮೇಲೆ ಸವಿತಾ ಅತ್ತೆಯ ಜೊತೆ ಕ್ಲಿನಿಕ್‌ಗೆ ಬಂದಳು. ಬೆರಳು ಯಾವುದೂ ಹೋಗಿರಲಿಲ್ಲ. ಎಡಗೈ ಪೂರ್ತಿ ಗುಣವಾಗಿತ್ತು. ಬಲಗೈ ತೋರುಬೆರಳಿನ ಉಗುರು ಬಿದ್ದು, ತುದಿಯ ಕಪ್ಪು ಚರ್ಮ ಸುಲಿದು ಕೆಂಪು ಚರ್ಮ ಬಂದಿತ್ತು. ಹತ್ತಿ ತಾಗಿಸಿದರೆ ಇನ್ನೂ ಗೊತ್ತಾಗುತ್ತಿರಲಿಲ್ಲ. ಕೆಲಸಕ್ಕೆ ಹೋಗಿರಲಿಲ್ಲ. ಆ ಒಂದು ನಿಮಿಷದಿಂದ ಹೀಗಾಯಿತೋ, ಹಿಮದಿಂದಲೋ, ಯಾವ ಡಾಕ್ಟರೂ ಹೇಳಲಾರರು. ಸ್ಪರ್ಶ ನಿಧಾನಕ್ಕೆ ಮರಳಬಹುದು ಅಂದಿದ್ದರು. ಮುಂದಿನ ಚಳಿಗಾಲದ ಹೊತ್ತಿಗೆ ಬಹುಪಾಲು ಮರಳಿತು, ಆದರೆ ಆ ದಿನ ಅದು ನಮಗೆ ಗೊತ್ತಿರಲಿಲ್ಲ.

ಸವಿತಾ ಡಾಕ್ಟರ ಕೋಣೆಗೆ ಹೋದಳು. ಗಂಗಮ್ಮನವರು ನನ್ನೆದುರು ಎರಡೂ ಅಂಗೈ ಚಾಚಿದರು.

"ಆಸ್ಪತ್ರ್ಯಾಗ ನೀವು ಕಳಿಸಿದ ಕಾಗದ ಓದಿ ಹೇಳಿದ್ರು. ಸುಡ್ಲಿ ಈ ಕೈ. ಇಷ್ಟು ವರ್ಷ ಮನಿಮಂದಿಗೆಲ್ಲ ಉಣ್ಣಾಕ ಹಾಕೇದ, ಈಗ ಸೊಸಿ ಕೈ ತಿಂದ್ತು. ಅಕಿ ಏನೂ ಅನ್ನಂಗಿಲ್ರಿ. ಅನ್ನಲಾರದಕ್ಕ ನನಗ ಹೆದರಿಕಿ."

ಆ ಅಂಗೈ ಹಿಡಿದೆ. ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ.

"ಅಮ್ಮ, ತಪ್ಪು ನಿಮ್ಮ ಕೈಯದಲ್ಲ. ನಾನು ಥರ್ಮಾಮೀಟರ್ ತನ್ನಿ ಅನ್ನಬೇಕಿತ್ತು. ಅದಿಲ್ಲದಿದ್ದರೆ ಮೊಣಕೈ ಇಟ್ಟು ನೋಡಿ ಅನ್ನಬೇಕಿತ್ತು. ಅದು ನನ್ನ ಕೆಲಸ. ಕೇಳಲಿಲ್ಲ. ಕಾಗದದಲ್ಲೂ ಬರೆಯಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಅವರ ಸಿಟ್ಟಿಗೆ ಸಿದ್ಧಳಾಗಿದ್ದೆ. ಸಿಟ್ಟು ಬರಲಿಲ್ಲ.

"ಈ ಮಾತ ಅವತ್ತ ಹೇಳಿದ್ರ, ಅಕ್ಕಾರ, ಈ ಆರು ವಾರ ನಾ ಒಂದಿಷ್ಟು ನಿದ್ದಿ ಮಾಡ್ತಿದ್ನಲ್ರಿ."

ಅದೇ ಸಂಜೆ ವರದಿಗೆ ಬಿಟ್ಟುಹೋದ ಸಾಲು ಸೇರಿಸಿ ನನ್ನ ಹೆಸರು ಹಾಕಿದೆ. ನಿವೃತ್ತಿಯವರೆಗಿನ ಎರಡು ಚಳಿಗಾಲ ಕರೆ ಮಾಡಿದವರಿಗೆಲ್ಲ ನೆನೆದ ಗ್ಲೌಸ್ ಕೂಡಲೇ ಬಿಚ್ಚಿ, ಬೆರಳು ಮರಗಟ್ಟಿದರೆ ಒಳಗೆ ಬನ್ನಿ, ನೀರನ್ನು ಅಳೆಯಿರಿ ಎಂದು ಹೇಳಿದೆ. ಅವನ್ನೆಲ್ಲ ಪುಸ್ತಕದಿಂದಲೂ ಕಲಿಯಬಹುದಿತ್ತು. ನನ್ನ ತಪ್ಪನ್ನು ಅದೇ ದಿನ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅದನ್ನು ಬೇರೆ ಯಾರೋ ಹೊತ್ತು ಮಲಗುತ್ತಾರೆ ಎಂಬುದನ್ನು ಗಂಗಮ್ಮನವರೇ ಕಲಿಸಬೇಕಾಯಿತು.