ಭಾಗ್ಯಶ್ರೀ ಎಂಬ ಮುಖವಾಡ

ತಾಟಿನಲ್ಲಿ ಅಕ್ಕಿ ಹರಡಿತ್ತು. ಮದುಮಗ ಬೆರಳಿನ ಉಂಗುರ ತೆಗೆದು, ಅದರಿಂದ ಅಕ್ಕಿಯ ಮೇಲೆ ಹೆಂಡತಿಯ ಹೊಸ ಹೆಸರು ಬರೆದ. ಒಂದು ಕ್ಷಣವೂ ಯೋಚಿಸಲಿಲ್ಲ. ಭಾಗ್ಯಶ್ರೀ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. (ಮದುವೆ ಮನೆಯಲ್ಲಿ ಕೈ ಯಾರ ಮಾತು ಕೇಳುತ್ತದೆ?)

ನಮ್ಮ ಜತ್ತದ ಕಡೆ ಈ ಪದ್ಧತಿ ಹೊಸದಲ್ಲ. ಮದುವೆಯಾಗಿ ಬಂದವಳಿಗೆ ಗಂಡನ ಮನೆಯವರು ಬೇರೆ ಹೆಸರಿಡುತ್ತಾರೆ. ನನಗೂ ಇಟ್ಟಿದ್ದರು. ತವರಿನ ಹೆಸರು ಹಿಡಿದು ನನ್ನನ್ನು ಕರೆಯುವವರು ಈಗ ಯಾರೂ ಉಳಿದಿಲ್ಲ.

ಮದುಮಗಳು ಕವಿತಾ, ಯಳವಿಯಲ್ಲಿರುವ ನನ್ನ ತಮ್ಮನ ಮಗಳು. ಕಾಲೇಜಿಗೆಂದು ಜತ್ತಕ್ಕೆ ಬರುತ್ತಿದ್ದಾಗ, ಸಂಜೆ ಬಸ್ಸಿನ ಹೊತ್ತಾಗುವವರೆಗೆ ನನ್ನ ಪುಸ್ತಕದಂಗಡಿಯಲ್ಲಿ ಕೂತು ಕಾಮಿಕ್ಸ್ ಓದುತ್ತಿದ್ದಳು. ಇಷ್ಟು ದೊಡ್ಡವಳಿಗೆ ಕಾಮಿಕ್ಸ್ ಯಾಕೆ ಎಂದು ರೇಗಿಸಿದರೆ ಕಥೆಯನ್ನೇ ಶುರು ಮಾಡುತ್ತಿದ್ದಳು. ಅವಳ ಮೆಚ್ಚಿನ ಸೂಪರ್‌ಹೀರೋಗೆ ಕರಿ ಮುಖವಾಡ. ಅದನ್ನು ಮೊದಲು ತೊಟ್ಟವನು ಒಬ್ಬ ಮಾಸ್ತರ. ಅವನು ಸತ್ತ ಮೇಲೆ ಒಬ್ಬ ನರ್ಸ್. ಅವಳೂ ಸತ್ತ ಮೇಲೆ ಒಬ್ಬ ಲಾರಿ ಡ್ರೈವರ್.

“ಊರವರಿಗೆ ಏನೂ ಗೊತ್ತಾಗೂದಿಲ್ಲತ್ತಿ. ಮಂದಿ ಬ್ಯಾರೆ ಬ್ಯಾರೆ, ಹೆಸರು ಮಾತ್ರ ಒಂದ. ಹೀರೋ ಸಾಯೂದ ಇಲ್ಲ ಅಂತ ತಿಳಕೊಂಡಿರತಾರ.”

ಭಾಳ ಚಲೋ ಐಡಿಯಾ ಅಂದಿದ್ದೆ. ಸಾವು ಬಂದರೂ ಹೆಸರು ಉಳಿಯುತ್ತದೆ, ಇನ್ನೇನು ಬೇಕು?

ಹುಡುಗನಿಗೆ ಇದು ಎರಡನೇ ಸಂಬಂಧ ಎಂದು ನಮಗೆ ಹೇಳಿದ್ದರು. ಮೊದಲನೆಯವಳು ಸೊರಡಿಯವಳು, ಕಾಮಾಲೆಯಾಗಿ ತೀರಿಕೊಂಡಳಂತೆ. ಹೊಲ, ಟ್ರ್ಯಾಕ್ಟರ್, ಗೊಬ್ಬರದ ಅಂಗಡಿ ಎಲ್ಲ ಇದ್ದ ಮನೆ. ತಮ್ಮ ಹೆಚ್ಚು ಕೇಳಲಿಲ್ಲ. (ಹುಡುಗನ ಊರಿನ ಹೆಸರು ಇಲ್ಲಿ ಬೇಡ. ಎಲ್ಲ ಊರಲ್ಲೂ ಅಂಥದೊಂದು ಮನೆ ಇದ್ದೇ ಇರುತ್ತದೆ.)

ಹೆಸರಿಡುವುದು ಮುಗಿದ ಮೇಲೆ ನೀರು ಕುಡಿಯಲು ಅವರ ಅಡುಗೆಮನೆಗೆ ಹೋದೆ. ಗೋಡೆಯ ಮಾಡದಲ್ಲಿ ಫಳಫಳ ಹೊಳೆಯುವ ಸ್ಟೀಲ್ ಕೊಡಗಳು. ಒಂದರ ಮೇಲೆ ಚುಕ್ಕಿ ಹೊಡೆಸಿ ಬರೆಸಿದ್ದರು: ಭಾಗ್ಯಶ್ರೀಗೆ, ತಾಯಿ-ತಂದೆ, ಸೊರಡಿ. ಸರಿ, ಕಾಮಾಲೆಯವಳು. ಪಕ್ಕದ ಕೊಡ ನೋಡಿದೆ: ಭಾಗ್ಯಶ್ರೀಗೆ, ತಾಯಿ-ತಂದೆ, ಶೇಗಾಂವ.

ಒಬ್ಬಳಿಗೆ ಎರಡು ತವರು ಇರುತ್ತವೆಯೇ?

ಹುಡುಗನ ತಾಯಿ ಚಹಾ ಸೋಸುತ್ತಿದ್ದರು. ಕೇಳಿಯೇಬಿಟ್ಟೆ.

“ಬೀಗ್ತಿಯವರ, ಸೊರಡಿಯಾಕಿ ಹೆಸರೂ ಭಾಗ್ಯಶ್ರೀ ಇತ್ತೇನ್ರಿ?”

“ಹೌದ್ರಿ.”

“ಶೇಗಾಂವದಾಕೀದೂ?”

“ಆಕೀದೂ. ನಮ್ಮ ಮನಿ ಸೊಸಿ ಹೆಸರು ಅದ ರೀ. ಭಾಂಡೇದ ಮ್ಯಾಲೆಲ್ಲಾ ಹಾಕಿಸೇವಿ, ಮತ್ಯಾಕ ಬದಲ್ ಮಾಡೂದು?”

“ಶೇಗಾಂವದಾಕಿಗೆ ಏನಾಗಿತ್ರಿ?”

“ನೀರಿಗೆ ಹೋದಾಗ ಕಾಲ್ ಜಾರಿ ಬಾವ್ಯಾಗ ಬಿದ್ಲು. ಚಹಾ ತಗೋರಿ, ಆರತೈತಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಬಾವಿಯ ಕಟ್ಟೆಯ ಮೇಲೆ ಯಾವಾಗಲೂ ಸೊಸೆಯಂದಿರ ಕಾಲೇ ಯಾಕೆ ಜಾರುತ್ತದೆ? ಗಂಡಂದಿರು, ಅತ್ತೆಯಂದಿರು ನೀರನ್ನೇ ಮುಟ್ಟುವುದಿಲ್ಲವೇ? ಅದೂ ಹೋಗಲಿ. ಒಬ್ಬಳು ಸತ್ತಿದ್ದನ್ನು ಹೇಳಿದವರು ಇನ್ನೊಬ್ಬಳು ಸತ್ತಿದ್ದನ್ನು ನುಂಗಿದ್ದು ಯಾಕೆ? ನುಂಗುವುದು ಸುಲಭ. ಊರಿನ ಬಾಯಲ್ಲಿ ಆ ಮನೆಯ ಸೊಸೆ ಭಾಗ್ಯಶ್ರೀ. ನಿನ್ನೆಯೂ ಇದ್ದಳು, ಇಂದೂ ಇದ್ದಾಳೆ. ಸತ್ತವರು ಯಾರು?

ತಮ್ಮನನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ಆದರೆ ಬಾಯಿಂದ ಬಂದದ್ದು ಇಷ್ಟೇ: “ಅಕ್ಕಾ, ಅಕ್ಕಿಕಾಳು ಬಿದ್ದಾವು, ಲಗ್ನ ಆಗಿಹೋಗೇತಿ. ಈಗ ಮಗಳನ್ನ ವಾಪಸ್ ಕರಕೊಂಡು ಹ್ವಾದ್ರ ಮಂದಿ ಏನಂದಾರು?”

ಕವಿತಾಳ ಪಕ್ಕ ಕೂತು ಅವಳ ಕಿವಿಯಲ್ಲಿ ಹೇಳಿದೆ. ಅವಳು ಅಳಲಿಲ್ಲ. ತಾಟಿನ ಅಕ್ಕಿಯನ್ನೇ ನೋಡುತ್ತ ಕೂತಳು.

“ಕಾಮಿಕ್ಸ್‌ನ್ಯಾಗ ಮುಖವಾಡ ಕೊಡೂಮುಂದ, ಮೊದಲಿನವರು ಹೆಂಗ ಸತ್ರು ಅಂತ ಹೇಳಿ ಕೊಡತಿದ್ರತ್ತಿ. ಹಾಕ್ಕೋತಿಯೋ ಇಲ್ಲೋ ಅಂತನೂ ಕೇಳತಿದ್ರು.”

“ಹಾಕ್ಕೋಬ್ಯಾಡ. ಏಳು, ಹೋಗೂಣು.”

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡಿದ. ಸಂಜೆ ನಮ್ಮ ಜೀಪು ಯಳವಿಗೆ ಮರಳಿದಾಗ ಅದರಲ್ಲಿ ಅವಳು ಇರಲಿಲ್ಲ.

ಆಮೇಲೆ ಅವಳ ಮೊಬೈಲಿಗೆ ಯಾವಾಗ ಹಚ್ಚಿದರೂ ಸ್ವಿಚ್ ಆಫ್. ನಿನ್ನೆ ಅವಳ ಅತ್ತೆಯ ನಂಬರಿಗೇ ಫೋನ್ ಹಚ್ಚಿದೆ.

“ಕವಿತಾಗ ಸ್ವಲ್ಪ ಕೊಡ್ರಿ.”

“ಆ ಹೆಸರಿನಾಕಿ ನಮ್ಮನ್ಯಾಗ ಯಾರೂ ಇಲ್ರಿ.”

ಹಲ್ಲು ಕಚ್ಚಿ ಹೇಳಿದೆ, “ಭಾಗ್ಯಶ್ರೀಗೆ ಕೊಡ್ರಿ.”

“ಆಕಿ ನೀರಿಗೆ ಹೋಗ್ಯಾಳ್ರಿ.”

ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಇದನ್ನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಆ ಊರಿಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ಈ ಸಲ ತಮ್ಮನನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಅವಳನ್ನು ಕರೆದುಕೊಂಡೇ ಬರುತ್ತೇನೆ.

ಆದರೆ ಆ ಬಾವಿಯ ಹತ್ತಿರ ನಿಂತು ‘ಭಾಗ್ಯಶ್ರೀ’ ಎಂದು ಕೂಗಿದರೆ, ಮೂವರಲ್ಲಿ ಓಗೊಡುವವರು ಯಾರು?